ಕ್ಯಾಮೆರಾ ಯಾರ ಕಡೆ ತಿರುಗಿದೆ?

ಸಿದ್ದಾಪುರದ ಸಮೀಪದ ಬೆಳೆಗಾರರೊಬ್ಬರು ಬರೆದಿದ್ದಾರೆ: ತೋಟದ ಗೇಟು, ಕಾಫಿ ಕಣ, ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮುಂದೆ ಕ್ಯಾಮೆರಾ ಹಾಕಿಸಿದ ಮೇಲೆ ಕಳ್ಳತನ ನಿಂತಿತು; ಆಳುಗಳು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಇಳಿಯುತ್ತಾರೆ; ಸಂಜೆಯ ಕುಡಿತದ ಗಲಾಟೆಯೂ ಇಲ್ಲ. ‘ನೋಡುವವರಿದ್ದರೆ ಮಾತ್ರ ನಮ್ಮ ಜನಕ್ಕೆ ಶಿಸ್ತು. ಕೊಡಗಿನ ಪ್ರತಿ ತಿರುವಿನಲ್ಲೂ ಕ್ಯಾಮೆರಾ ಬೇಕೆಂದು ಪತ್ರಿಕೆ ಏಕೆ ಬರೆಯಬಾರದು?’ ಜೊತೆಗೆ ಕನಕದಾಸರ ಬಾಳೆಹಣ್ಣಿನ ಕಥೆಯನ್ನೂ ನೆನಪಿಸಿದ್ದಾರೆ.

ಮಾನ್ಯರೇ, ನಿಮ್ಮ ಸಂಕಟ ಸುಳ್ಳಲ್ಲ. ಕಾಫಿ, ಕರಿಮೆಣಸಿಗೆ ಬೆಲೆ ಬಂದಾಗ ಬೆಳೆಗಾರನ ನಿದ್ದೆ ಕೆಡುತ್ತದೆ. ಗೇಟಿಗೆ ಹಾಕಿಸಿ, ಕಣಕ್ಕೂ ಹಾಕಿಸಿ. ಲೈನ್ ಮನೆಯ ಬಾಗಿಲಿಗೆ ಏಕೆ?

ಕನಕನ ಕಥೆಯನ್ನು ನೀವು ಅರ್ಧಕ್ಕೇ ಬಿಟ್ಟಿದ್ದೀರಿ. ಯಾರೂ ನೋಡದ ಕಡೆ ಹಣ್ಣು ತಿನ್ನಿ ಎಂದು ಗುರುಗಳು ಹೇಳಿದಾಗ ಉಳಿದ ಶಿಷ್ಯರೆಲ್ಲ ಒಂದೊಂದು ಮೂಲೆ ಹುಡುಕಿ ತಿಂದು ಬಂದರು. ಕ್ಯಾಮೆರಾ ತಯಾರಿಸುವುದು ಆ ಉಳಿದ ಶಿಷ್ಯರನ್ನು. ಅದರ ಕಣ್ಣಿಗೆ ಬೀಳದ ಮೂಲೆ ಎಲ್ಲಿದೆಯೆಂದು ನಿಮ್ಮ ಕಾರ್ಮಿಕರಿಗೆ ಈಗಾಗಲೇ ಗೊತ್ತಿರುತ್ತದೆ. ನಿಮಗೆ ಗೊತ್ತಿರಲಾರದು.

ಓದಿದವರೇನೂ ಬೇರೆಯಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಸಿಬ್ಬಂದಿ ತಾವೇ ಚಹಾ, ಕಾಫಿ ಮಾಡಿಕೊಂಡು ಡಬ್ಬಿಗೆ ಹಣ ಹಾಕುವ ಪದ್ಧತಿಯಿತ್ತು. ಸಂಶೋಧಕರು ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಮರುವಾರ ದಿಟ್ಟಿಸುವ ಕಣ್ಣುಗಳ ಚಿತ್ರ ಹಾಕುತ್ತ ಹೋದರು. ಕಣ್ಣಿದ್ದ ವಾರಗಳಲ್ಲಿ ಸುಮಾರು ಮೂರು ಪಟ್ಟು ಹಣ ಬಿತ್ತು. 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಿಮ್ಮ ಪಕ್ಷದವರು ಸಂಭ್ರಮದಿಂದ ಹೇಳುತ್ತಾರೆ. ಹೂವು ಮರಳಿದಾಗ ಹಣ ಮತ್ತೆ ಇಳಿಯಿತೆಂಬುದನ್ನು ನುಂಗಿಕೊಳ್ಳುತ್ತಾರೆ.

ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್‌ನ ಪನಾಪ್ಟಿಕಾನ್ ಜೈಲಿನ ನಕ್ಷೆಯೆಂದೇ ಪ್ರಸಿದ್ಧ: ಸುತ್ತ ಕೋಣೆಗಳು, ನಡುವೆ ಕಾವಲು ಗೋಪುರ, ಈ ಕ್ಷಣ ತನ್ನನ್ನು ನೋಡುತ್ತಿದ್ದಾರೋ ಇಲ್ಲವೋ ತಿಳಿಯದ ಕೈದಿ ಸದಾ ತಗ್ಗಿಯೇ ಇರುತ್ತಾನೆ. ಆದರೆ ಈ ಉಪಾಯ ಮೊದಲು ಹೊಳೆದದ್ದು ಅವನ ತಮ್ಮ ಸ್ಯಾಮ್ಯುಯೆಲ್‌ಗೆ, 1780ರ ದಶಕದಲ್ಲಿ, ರಷ್ಯಾದ ಸಾಮ್ರಾಜ್ಞಿಯ ಆಪ್ತ ಸರದಾರ ಪೊಟೆಮ್ಕಿನ್‌ನ ಎಸ್ಟೇಟಿನಲ್ಲಿ, ಕೆಲಸಗಾರರ ಮೇಲೆ ಕಣ್ಣಿಡುವುದಕ್ಕೆ. ಎಸ್ಟೇಟಿನಲ್ಲೇ ಹುಟ್ಟಿದ್ದು, ನೋಡಿ! ಆದರೂ ಜೆರೆಮಿ ಒಂದು ಮಾತು ಸೇರಿಸಿದ್ದ: ಕಟ್ಟಡ ಸಾರ್ವಜನಿಕರಿಗೆ ತೆರೆದಿರಬೇಕು, ಕಾವಲುಗಾರನನ್ನೂ ಜನ ಕಾಯಬೇಕು. ನಮ್ಮವರು ಗೋಪುರವನ್ನು ಇಟ್ಟುಕೊಂಡು ಆ ಬಾಗಿಲನ್ನು ಮುಚ್ಚಿಬಿಟ್ಟರು.

ಕಳೆದ ಕೊಯ್ಲಿನಲ್ಲಿ ಪರಿಚಿತರ ತೋಟವೊಂದರಲ್ಲಿ ಸಂಜೆ ನಿಂತಿದ್ದೆ. ಕಾಫಿ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತಿದ್ದವು. ಕ್ಯಾಮೆರಾ ಸಾಲಿನಲ್ಲಿ ನಿಂತ ಹೆಂಗಸರ ಮುಖದ ಮೇಲಿತ್ತು. ತೂಕದ ಅಂಕಿ ಅದಕ್ಕೆ ಕಾಣುವಂತಿರಲಿಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಬೇಕಾದದ್ದು ಅದೊಂದೇ ಅಲ್ಲವೇ? ಏಕೆ ಹೀಗೆ ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. ‘ಅತ್ತ ತಿರುಗಿಸಿದರೆ ನಮ್ಮ ಮೇಲೆ ನಂಬಿಕೆ ಇಲ್ಲದ ಹಾಗಾಗುತ್ತದಲ್ಲ, ಸಾರ್’ ಎಂದರು. ರೈಟರಿಗೆ ಇಷ್ಟು ನೋಯುವುದಾದರೆ ಕೊಯ್ಯುವವರಿಗೆ ನೋಯುವುದಿಲ್ಲವೇ?

ಎಲ್ಲ ಕಣ್ಗಾವಲೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆನೆಗೆ ರೇಡಿಯೋ ಕಾಲರ್ ತೊಡಿಸಿ ಅದು ಯಾವ ಕಡೆಗಿದೆಯೆಂದು ಎಚ್ಚರಿಸಿದರೆ ಜೀವ ಉಳಿಯುತ್ತದೆ. ಹಾಗೆಂದು ಕಾಲರ್ ಹಾಕಿಕೊಂಡ ಆನೆ ಶಿಸ್ತು ಕಲಿತು ನಿಮ್ಮ ಬಾಳೆಯನ್ನು ಬಿಟ್ಟು ಹೋಗಿದೆಯೇ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಕಾಲು ಚಾಚಿ ಕೂರುವ ಹೆಣ್ಣುಮಗಳಿಗೆ ಆ ಮಾತು ತಲುಪುವುದು ಯಾವಾಗ?

ಇನ್ನು ಪ್ರತಿ ತಿರುವಿನ ಮಾತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಬಂದದ್ದನ್ನು ನೀವೂ ಕಂಡವರು. ಆಮೇಲೂ ಬೆಟ್ಟ ಕೊರೆಯುವ ಜೆಸಿಬಿಗಳು ಹಗಲಿನಲ್ಲೇ ಘಾಟಿ ಹತ್ತಿ ಬರುತ್ತಿವೆ. ಹೆಲ್ಮೆಟ್ ಹಾಕದ ಸ್ಕೂಟರಿನವನಿಗೆ ದಂಡದ ಚೀಟಿ ಬರುತ್ತದೆ. ಬೆಟ್ಟ ಕೊರೆದವನಿಗೆ ಪರವಾನಗಿ ಬರುತ್ತದೆ.

ಆದ್ದರಿಂದ ನೀವು ಕೇಳಿದ ಲೇಖನವನ್ನು ನಾನು ಬರೆಯುವುದಿಲ್ಲ. ಲೈನ್ ಮನೆಯ ಮುಂದಿನ ಕ್ಯಾಮೆರಾವನ್ನು ಬಿಚ್ಚಿ ತೂಕದ ಯಂತ್ರದ ಎದುರು ಹಾಕಿಸಿ. ಅದರ ಪರದೆ ಕಾರ್ಮಿಕರಿಗೂ ಕಾಣುವಂತಿರಲಿ. ಒಂದು ಕೊಯ್ಲು ಕಳೆದ ಮೇಲೆ ಏನಾಯಿತೆಂದು ಬರೆಯಿರಿ. ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.

– ಸಂಪಾದಕ