ನಿಮ್ಮ ಕತ್ತಲೆಯ ದೈವಕ್ಕೆ ಹೆದರುವವರು ಯಾರು?

ನಮಸ್ಕಾರ.

ನೀವು ಕಳಿಸಿದ ‘ಶಾರ್ಗಾಸನ ರಾತ್ರಿ’ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಬಸವನಗುಡಿಯ ನಮ್ಮ ಆಫೀಸಿನಲ್ಲಿ, ಹಗಲು ಹೊತ್ತಿನಲ್ಲಿ. ಎರಡನೇ ಸಲ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ಒಬ್ಬ ಮುದುಕಿ ಬರುತ್ತಾಳೆ. ಅವಳಿಗಾಗಿ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ. ನೀವು ಒಪ್ಪಿದ್ದರಿಂದ, ಹೆಸರು ಬಿಟ್ಟು, ಪತ್ರಿಕೆಯಲ್ಲೂ ಇದನ್ನು ಹಾಕುತ್ತಿದ್ದೇವೆ.

ಬೇರೆ ಓದುಗರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಓರ್ಕ್ ಎಂಬ ಗವಿವಾಸಿ ಜನ. ಅವರ ದೈವ ಶಾರ್ಗಾಸ. ಕತ್ತಲೆ ಅವನದು, ಸದ್ದಿಲ್ಲದ ಹೆಜ್ಜೆ ಅವನದು, ಸತ್ತ ಮೇಲೂ ನಡೆಯುವ ಹೆಣಗಳು ಅವನವು. ಅವನ ಪೂಜಾರಿಗಳು ಯುದ್ಧದಲ್ಲಿ ಸತ್ತ ಓರ್ಕ್‌ಗಳನ್ನು ಎಬ್ಬಿಸಿ ಮನುಷ್ಯರ ಕೋಟೆಯ ಮೇಲೆ ಕಳಿಸುತ್ತಾರೆ. ಕೋಟೆ ಬೀಳುತ್ತದೆ. ಕಥೆ ಮುಗಿಯುತ್ತದೆ.

ಈ ದೈವ ನಿಮ್ಮ ಕಲ್ಪನೆಯಲ್ಲ ಎಂದು ಪತ್ರದಲ್ಲಿ ನೀವೇ ಹೇಳಿದ್ದೀರಿ. ಅದು ಒಳ್ಳೆಯದಾಯಿತು. 1974ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದ, ಗೆಳೆಯರು ಕೂತು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಓರ್ಕ್‌ಗಳಿಗೆ ದೈವಗಳ ಒಂದು ಸಂಸಾರವೇ ಇದೆ. ಒಕ್ಕಣ್ಣಿನ ಗ್ರೂಮ್ಶ್ ಅದರ ಯಜಮಾನ. ಗವಿಯ ತಾಯಿ ಲೂಥಿಕ್. ರಾತ್ರಿಯ ಒಡೆಯ ಶಾರ್ಗಾಸ್, ಅವನ ಗುರುತು ಕೆಂಪು ಚಂದ್ರನ ಮೇಲೊಂದು ತಲೆಬುರುಡೆ. ನೀವು ಆ ಗುರುತನ್ನೂ ಹಾಗೇ ತೆಗೆದುಕೊಂಡಿದ್ದೀರಿ. ಗೆಳೆಯರ ಜೊತೆ ಆಡುವಾಗ ತೊಂದರೆಯಿಲ್ಲ. ಅಚ್ಚು ಮಾಡುವಾಗ ತೊಂದರೆಯಿದೆ. ಆ ಹೆಸರು, ಆ ಗುರುತು ಆಟದ ಕಂಪನಿಗೆ ಸೇರಿದ್ದು. ನಿಮ್ಮದೇ ಹೆಸರು ಇಡಿ.

ಓರ್ಕ್ ಎಂಬ ಪದವನ್ನು ಮಾತ್ರ ಇಟ್ಟುಕೊಳ್ಳಿ. ಅದು ಆಟಕ್ಕಿಂತ ತುಂಬಾ ಹಳೆಯದು. ಬೇವುಲ್ಫ್ ಎಂಬ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ‘ಓರ್ಕ್‌ನೇಯಸ್’ ಎಂಬ ಮಾತು ಬರುತ್ತದೆ. ಅದರ ಕೊನೆಯ ತುಂಡಿಗೆ ಹೆಣ ಎಂಬ ಅರ್ಥವನ್ನು ಪಂಡಿತರು ಹೇಳುತ್ತಾರೆ. ಮೊದಲ ತುಂಡನ್ನು ಓರ್ಕಸ್ ಎಂಬ ರೋಮನ್ನರ ಪಾತಾಳದ ದೇವರ ಜೊತೆ ಸೇರಿಸುತ್ತಾರೆ. ಅಂದರೆ ಪಾತಾಳದ ಹೆಣ. ನಿಮ್ಮ ಕಥೆಗೆ ಬೇಕಾದ್ದು ಪದದ ಹೊಟ್ಟೆಯಲ್ಲೇ ಇದೆ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಮೂರು ಪುಟ ಪೂರ್ತಿ ದೈವದ ವರ್ಣನೆ. ಅಂಧಕಾರದ ಅಧಿಪತಿ, ತಮಸ್ಸಿನ ಸಾರ್ವಭೌಮ, ನಿಶಾಚರರ ಚಕ್ರವರ್ತಿ. ಹತ್ತೊಂಬತ್ತು ಬಿರುದು ಎಣಿಸಿದೆ. ಇಷ್ಟು ಓದಿದ ಮೇಲೂ ನನಗೆ ಹೆದರಿಕೆ ಆಗಲಿಲ್ಲ. ಯಾಕೆಂದರೆ ಆ ಮೂರು ಪುಟದಲ್ಲಿ ಅವನಿಗೆ ಹೆದರುವ ಒಂದು ಜೀವವೂ ಇಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ನೀವು ಕೇಳಿರುತ್ತೀರಿ. ರಾತ್ರಿ ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು ಎಂಬ ಮಾತು ಹಬ್ಬಿತ್ತು. ಬಾಗಿಲ ಮೇಲಿನ ಬರಹ ಓದಿ ಅದು ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ನಾನಾಗ ಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಅಕ್ಷರ ಬಾರದ ಅಜ್ಜಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಬರೆಸಿದರು. ಬರೆದಾದ ಮೇಲೆ ‘ಸರಿಯಾಗಿ ಬರೆದಿದ್ದೀಯಾ, ಇನ್ನೊಂದು ಸಲ ಓದು’ ಅಂದರು. ಆ ದೆವ್ವ ಹೇಗಿತ್ತು ಎಂದು ಯಾರೂ ನನಗೆ ಹೇಳಲಿಲ್ಲ. ಅದಕ್ಕೆ ಒಂದು ಬಿರುದೂ ಇರಲಿಲ್ಲ. ಆದರೂ ಅಜ್ಜಿಯ ದನಿ ಕೇಳಿಯೇ ನನಗೆ ಅವತ್ತು ನಿದ್ದೆ ಬರಲಿಲ್ಲ.

ನಿಮ್ಮ ದೈವಕ್ಕೆ ಬೇಕಾಗಿರುವುದು ಅಂಥ ಒಂದು ಬಾಗಿಲು, ಅಂಥ ಒಬ್ಬ ಅಜ್ಜಿ. ಅಜ್ಜಿ ಆಗಲೇ ನಿಮ್ಮಲ್ಲಿದ್ದಾಳೆ.

ಏಳನೇ ಪುಟ. ಮುದುಕಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಾಳೆ. ಯುದ್ಧದಲ್ಲಿ ಸತ್ತ ಮಗನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಬೂದಿಯ ಮೇಲೆ ಬೆರಳಿನಿಂದ ಬರೆದು ಅಳಿಸುತ್ತಾಳೆ. ಕತ್ತಲೆಯಲ್ಲಿ ಹೆಸರು ಹೇಳಿದರೆ ದೈವಕ್ಕೆ ಕೇಳಿಸುತ್ತದೆ, ಅವನು ಮಗನನ್ನು ಎಬ್ಬಿಸುತ್ತಾನೆ ಎಂಬ ಭಯ. ಇದು ಬರೀ ನಾಲ್ಕು ಸಾಲು. ಆಮೇಲೆ ನೀವು ಅವಳನ್ನು ಬಿಟ್ಟು ಕೋಟೆಗೆ ಓಡುತ್ತೀರಿ. ನಾನು ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದೆ. ದೈವ ಅಲ್ಲಿಲ್ಲ, ಆದರೆ ಇಡೀ ಗವಿಯಲ್ಲಿ ಅವನೇ ತುಂಬಿದ್ದಾನೆ. ಇದನ್ನು ಬರೆದ ಕೈಗೆ ಆ ಹತ್ತೊಂಬತ್ತು ಬಿರುದು ಯಾಕೆ ಬೇಕು?

ಕತ್ತಲೆಯ ಬಗ್ಗೆಯೂ ಒಂದು ಮಾತು. ಹನ್ನೊಂದನೇ ಪುಟದಲ್ಲಿ, ಒಂದು ಕಿಡಿಯೂ ಇಲ್ಲದ ಸುರಂಗದಲ್ಲಿ, ನಿಮ್ಮ ಓರ್ಕ್ ‘ಕಡುಗೆಂಪು ರಕ್ತ’ವನ್ನು ನೋಡುತ್ತಾನೆ. ನೀವು ನೆಚ್ಚಿಕೊಂಡ ಆಟದ ನಿಯಮವೇ ಇದನ್ನು ಒಪ್ಪುವುದಿಲ್ಲ. ಅಲ್ಲಿ ಓರ್ಕ್‌ಗಳಿಗೆ ಪೂರ್ತಿ ಕತ್ತಲೆಯಲ್ಲೂ ಒಂದಿಷ್ಟು ದೂರದವರೆಗೆ ಕಾಣುತ್ತದೆ ನಿಜ, ಆದರೆ ಬಣ್ಣ ಕಾಣುವುದಿಲ್ಲ. ಎಲ್ಲವೂ ಬೂದು. ಎಂಥ ಒಳ್ಳೆಯ ನಿಯಮ ಅಲ್ವಾ? ರಕ್ತ ಯಾವುದು, ನೀರು ಯಾವುದು ಎಂದು ತಿಳಿಯಲು ಅವನು ಬಗ್ಗಿ ಮೂಸಬೇಕು, ಬೆರಳಿಟ್ಟು ಬಿಸಿ ನೋಡಬೇಕು. ನಮ್ಮಂಥವರ ಕಣ್ಣು ಬೆಳಕಿನಿಂದ ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಕೋಟೆಯ ಕಾವಲುಗಾರ ಪಂಜು ಕೆಳಗಿಟ್ಟ ಮರುಕ್ಷಣವೇ ದೂರದ ನೆರಳು ಕಂಡಿತು ಎಂದು ಬರೆದಿದ್ದೀರಿ. ಕಾಣುವುದಿಲ್ಲ. ಅವನು ಕುರುಡನಾಗಿರುವ ಆ ಹೊತ್ತೇ ನಿಮ್ಮ ದೈವದ ಹೊತ್ತು.

ವೈಟ್‌ಫೀಲ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಮೂರೂವರೆಗೆ ಮನೆಗೆ ಬರುತ್ತೇನೆ ಎಂದು ಬರೆದಿದ್ದೀರಿ. ಹಾಗಾದರೆ ಈ ಊರಿನ ರಾತ್ರಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 1905ರಲ್ಲೇ ಕರೆಂಟಿನ ಬೀದಿದೀಪ ಕಂಡ ಊರು ಇದು, ಇಲ್ಲಿ ಗವ್ವೆನ್ನುವ ಕತ್ತಲೆ ಸಿಗುವುದು ಕಷ್ಟ. ಆದರೆ ಹೊಂಚು ಹಾಕುವುದನ್ನು ಇಲ್ಲೇ ಕಲಿಯಬಹುದು. ನಿಮ್ಮ ರಸ್ತೆಯಲ್ಲಿ ಗೂರ್ಖಾ ಸೀಟಿ ಊದುತ್ತಾ, ಲಾಠಿಯನ್ನು ನೆಲಕ್ಕೆ ಕುಟ್ಟುತ್ತಾ ಹೋಗುತ್ತಾನಲ್ಲ, ಅದನ್ನು ಕಳ್ಳನ ಕಿವಿಯಿಂದ ಕೇಳಿ. ಕುಟ್ಟಿದ ಸದ್ದು ಅವನಿಗೆ ಹೆದರಿಕೆಯಲ್ಲ, ಲೆಕ್ಕ. ಎರಡು ಸದ್ದಿನ ನಡುವೆ ಎಷ್ಟು ಹೆಜ್ಜೆ ಇಡಬಹುದು? ಯಾವ ಮನೆಯ ನಾಯಿ ಮೊದಲು ಬೊಗಳುತ್ತದೆ? ನಿಮ್ಮ ಪೂಜಾರಿ ಇದನ್ನು ಎಣಿಸಲಿ. ಈಗ ಅವನು ಸುಮ್ನೆ ‘ರಹಸ್ಯ ಚಲನೆಯಿಂದ ಸಾಗಿದನು’. ನಮ್ಮಲ್ಲಿ ಹೊಂಚು ಎಂಬ ಪದವಿದೆ, ಕಳ್ಳಹೆಜ್ಜೆ ಇದೆ. ಬಳಸಿ.

ಪದಗಳ ಮಾತು ಬಂದಾಗ ಇನ್ನೊಂದು. ಸತ್ತು ನಡೆಯುವವರನ್ನು ನೀವು ‘ಅಮೃತರು’ ಎಂದು ಕರೆದಿದ್ದೀರಿ. ಬಿಡಿಸಿ ನೋಡಿದರೆ ಸರಿ ಅನ್ನಿಸಬಹುದು. ಆದರೆ ‘ಅಮೃತರ ಸೈನ್ಯ’ ಅಂದ ಕೂಡಲೇ ಕನ್ನಡದವರಿಗೆ ಕಾಣುವುದು ಅಮೃತ ಕುಡಿದ ದೇವತೆಗಳು, ಕೊಳೆತ ಹೆಣಗಳಲ್ಲ. ಸತ್ತೂ ಸಾಯದವರು ಎನ್ನಿ, ನಡೆಹೆಣ ಎನ್ನಿ. ಬೇತಾಳನನ್ನೂ ನೆನೆಸಿಕೊಳ್ಳಿ. ಮರಕ್ಕೆ ನೇತುಬಿದ್ದ ಹೆಣದೊಳಗೆ ಕೂತು, ಹೊತ್ತವನ ಬೆನ್ನ ಮೇಲಿಂದಲೇ ಕಥೆ ಹೇಳುವವನು. ನಿಮ್ಮ ಹೆಣಗಳು ಬರೀ ಕೂಗುತ್ತವೆ, ಒಂದೂ ಮಾತಾಡುವುದಿಲ್ಲ.

ಒಂದು ವಿಷಯ ನನಗೆ ನಿಜಕ್ಕೂ ನೋವು ಕೊಟ್ಟಿತು. ನಿಮ್ಮ ಮನುಷ್ಯರು ಪುಸ್ತಕದ ಕನ್ನಡ ಮಾತಾಡುತ್ತಾರೆ. ಓರ್ಕ್‌ಗಳು ಹಳ್ಳಿಯ ಕನ್ನಡ. ‘ಬತ್ತೀನಿ’, ‘ಓಯ್ತಾನೆ’ ಅನ್ನುವವರೆಲ್ಲ ರಾಕ್ಷಸರು! ಬೇಕೆಂದು ಮಾಡಿರಲಿಕ್ಕಿಲ್ಲ. ಆದರೆ ಅದು ನಮ್ಮ ಅಮ್ಮಂದಿರ, ಅಜ್ಜಂದಿರ ಮಾತು. ದಯವಿಟ್ಟು ಬದಲಾಯಿಸಿ. ಇಬ್ಬರಿಗೂ ಒಂದೇ ಕನ್ನಡ ಕೊಡಿ, ಇಲ್ಲವೇ ಓರ್ಕ್‌ಗಳಿಗೆ ಅವರದೇ ಗಾದೆ, ಅವರದೇ ಬೈಗುಳ ಕಟ್ಟಿಕೊಡಿ.

ಓದಿ ಎಂದು ಹೇಳುವುದಾದರೆ ಒಂದನ್ನೇ ಹೇಳುತ್ತೇನೆ, ಮಹಾಭಾರತದ ಸೌಪ್ತಿಕ ಪರ್ವ. ಆಲದ ಮರದ ಕೆಳಗೆ ಅಶ್ವತ್ಥಾಮನಿಗೆ ನಿದ್ದೆ ಬರುವುದಿಲ್ಲ. ಮರದ ಮೇಲೆ ಕಾಗೆಗಳು ಮಲಗಿವೆ. ಒಂದು ಗೂಬೆ ಸದ್ದಿಲ್ಲದೆ ಬಂದು ಅವನ್ನು ಕೊಲ್ಲುತ್ತದೆ. ಅವನು ನೋಡುತ್ತಾನೆ, ಕಲಿಯುತ್ತಾನೆ, ಎದ್ದು ಮಲಗಿದವರ ಶಿಬಿರಕ್ಕೆ ನಡೆಯುತ್ತಾನೆ. ಕೊನೆಗೆ ಸಿಗುವ ಶಾಪ ಸಾವಲ್ಲ. ಮೂರು ಸಾವಿರ ವರ್ಷ, ರಕ್ತ ಕೀವಿನ ನಾತ ಹೊತ್ತು, ಮಾತಾಡಲು ಒಬ್ಬರೂ ಇಲ್ಲದೆ ಅಲೆಯಬೇಕು. ಕತ್ತಲೆ, ಹೊಂಚು, ಸಾಯಲಾಗದ ಸ್ಥಿತಿ, ನಿಮ್ಮ ದೈವದ ಮೂರೂ ಗುಣ ಅಲ್ಲಿವೆ. ಆದರೆ ಅವು ಶಕ್ತಿಗಳ ಪಟ್ಟಿಯಲ್ಲ. ಒಂದರಿಂದ ಇನ್ನೊಂದು ಹುಟ್ಟುತ್ತದೆ.

ಇನ್ನು ನೋಡಿ ಎಂದರೆ ಕರಗ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯ ಹತ್ತಿರ ಹೋಗಿ ನಿಲ್ಲಿ. ದ್ರೌಪದಿ ವೀರಕುಮಾರರನ್ನು ಹುಟ್ಟಿಸಿ ಸೋಲಿಸಿದ ಅಸುರನಿಗೆ ಅಲ್ಲಿಯ ಕಥೆಯಲ್ಲಿ ತಿಮಿರಾಸುರ ಎಂದು ಹೆಸರು. ತಿಮಿರ ಅಂದರೆ ಕತ್ತಲೆ. ಅದನ್ನು ನಕಲು ಮಾಡಬೇಡಿ. ಕರಗ ಹೊರಡುವುದನ್ನು ಕಾಯುತ್ತಾ ನಿದ್ದೆಗೆಟ್ಟು ನಿಂತ ಜನರ ಮುಖ ನೋಡಿ ಬನ್ನಿ.

ಆಮೇಲೆ ಕೋಟೆಯನ್ನು ಬಿಟ್ಟುಬಿಡಿ. ಯುದ್ಧವನ್ನೂ ಬಿಡಿ. ಗವಿ, ಬೂದಿ ಮುಚ್ಚಿದ ಒಲೆ, ಮುದುಕಿ, ಇಷ್ಟೇ ಸಾಕು. ಹೆಸರನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಒಂದು ರಾತ್ರಿ ಗವಿಯ ಬಾಯಲ್ಲಿ ಮಗನ ದನಿ ಕೇಳುತ್ತದೆ. ‘ಅವ್ವಾ’ ಎನ್ನುತ್ತದೆ. ಅವಳು ಉಸಿರು ಬಿಗಿಹಿಡಿಯುತ್ತಾಳೆ. ಎರಡನೇ ಸಲ ಕರೆಯುತ್ತದೆ. ಆಗ ಅವಳು ಏನು ಮಾಡುತ್ತಾಳೆ? ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಅದನ್ನು ಬರೆದು ಕಳಿಸಿ. ಎಷ್ಟು ತಿಂಗಳು ಬೇಕಾದರೂ ತೆಗೆದುಕೊಳ್ಳಿ, ನಾನು ಕಾಯುತ್ತೇನೆ.

ನಿಮ್ಮ
ಸಂಪಾದಕ