ತುಕ್ಕು ಮೊದಲು, ಅಲಾಯ್ ಆಮೇಲೆ

ಮಳೆಗಾಲ ಮುಗಿಯುತ್ತಾ ಬಂತು. ಮುಂಬೈಯಲ್ಲಿ ಕಾರು ಇಟ್ಟುಕೊಂಡವರಿಗೆ ನಿಜವಾದ ಲೆಕ್ಕ ಸಿಗುವುದು ಈಗಲೇ. ಈ ಸಲ ಬಂದ ಪತ್ರಗಳೂ ಹೆಚ್ಚು ಕಡಿಮೆ ಅದೇ ವಿಷಯದ್ದು.

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್. ಸೊಸೈಟಿಯಲ್ಲಿ ಬಯಲಲ್ಲೇ ನಿಲ್ಲುತ್ತದೆ. ಹಿಂದಿನ ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಒಬ್ಬರು ಸೆರಾಮಿಕ್ ಕೋಟಿಂಗ್ ಮಾಡಿಸಿ ಅಂತಾರೆ, ಇನ್ನೊಬ್ಬರು ಅಂಡರ್‌ಬಾಡಿ ಕೋಟಿಂಗ್ ಅಂತಾರೆ. ಯಾವುದಕ್ಕೆ ದುಡ್ಡು ಹಾಕಲಿ?
— ಓದುಗರೊಬ್ಬರು, ಮೀರಾ ರೋಡ್

ಸದ್ಯಕ್ಕೆ ಎರಡೂ ಬೇಡ. ಮೊದಲು ಬಾಗಿಲು ತೆಗೆದು, ಕೆಳಗೆ ಕೂತು, ಅದರ ಅಡಿ ನೋಡಿ. ಅಲ್ಲಿ ಎರಡು ಮೂರು ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದ ರಬ್ಬರ್ ದಾಟಿ ಮಳೆನೀರು ಬಾಗಿಲಿನ ಒಳಗೆ ಇಳಿಯುವುದು ಎಲ್ಲ ಕಾರಿನಲ್ಲೂ ಇದ್ದದ್ದೇ, ಅದು ಹೊರಗೆ ಹೋಗಲಿ ಅಂತಲೇ ಆ ತೂತು ಬಿಟ್ಟಿರುತ್ತಾರೆ. ಧೂಳು, ಎಲೆ, ಮರದ ಹೂವಿನ ಪುಡಿ ಸೇರಿ ಅದು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ.

ನಮ್ಮ ಪಕ್ಕದ ಮನೆಯವರ ಕಾರಿನ ಬಾಗಿಲು ಹಾಕುವಾಗ ಒಳಗಿಂದ ಗುಳುಗುಳು ಸದ್ದು ಬರುತ್ತಿತ್ತು. ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ತೂತಿಗೆ ಚುಚ್ಚಿದೆ ನೋಡಿ, ಒಂದು ಚೊಂಬಿನಷ್ಟು ಕಪ್ಪು ನೀರು ಪಾದದ ಮೇಲೆ ಸುರಿಯಿತು. ಎಷ್ಟು ತಿಂಗಳಿಂದ ನಿಂತಿತ್ತೋ! ಅವರ ಬಾಗಿಲಲ್ಲೂ ಥೇಟ್ ನಿಮ್ಮ ಹಾಗೆಯೇ ಗುಳ್ಳೆ ಎದ್ದಿತ್ತು.

ಗುಳ್ಳೆ ಎದ್ದಿದೆ ಅಂದರೆ ತುಕ್ಕು ಒಳಗಿಂದ ಹೊರಗೆ ಬಂದಿದೆ ಅಂತ ಅರ್ಥ. ಹೊರಗಿಂದ ಪೇಂಟ್ ಬಳಿದರೆ ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಹೊಳೆಯುವ ತಗಡು ಕಾಣುವವರೆಗೆ ಕೆರೆಸಿ, ಪ್ರೈಮರ್ ಹಾಕಿಸಿ, ಆಮೇಲೆ ಪೇಂಟ್. ತಗಡೇ ತೂತಾಗಿದ್ದರೆ ಅಷ್ಟು ಭಾಗ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಸುಮ್ನೆ ಪುಟ್ಟಿ ತುಂಬಿ ಮುಚ್ಚುವವರ ಕೈಗೆ ಕೊಡಬೇಡಿ.

ಸೆರಾಮಿಕ್ ಕೋಟಿಂಗ್ ಕಾಪಾಡುವುದು ಪೇಂಟಿನ ಮೇಲ್ಮೈಯನ್ನು ಮಾತ್ರ. ಅಂಡರ್‌ಬಾಡಿ ಕೋಟಿಂಗ್ ನಮ್ಮ ಕರಾವಳಿಗೆ ಬೇಕು, ಆದರೆ ಅಡಿಭಾಗ ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ. ಕೆಸರಿನ ಮೇಲೆ, ತುಕ್ಕಿನ ಮೇಲೆ ಸ್ಪ್ರೇ ಮಾಡಿದರೆ ತೇವವನ್ನು ಒಳಗಿಟ್ಟು ಮುಚ್ಚಿದ ಹಾಗೆ. ಅದಕ್ಕೇ ಇದನ್ನು ಡಿಸೆಂಬರ್ ಆದ ಮೇಲೆ ಮಾಡಿಸಿ, ಲಿಫ್ಟ್ ಮೇಲೆ ಏರಿಸಿದಾಗ ಪಕ್ಕದಲ್ಲೇ ನಿಂತು ನೋಡಿ, ನೀರು ಹೋಗುವ ತೂತುಗಳನ್ನು ಮುಚ್ಚದ ಹಾಗೆ ಹೇಳಿ. ನಮ್ಮ ಗಾಳಿಯಲ್ಲೇ ಉಪ್ಪಿದೆ, ಉಪ್ಪು ಸೇರಿದ ನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲೆ ಏರಿದಾಗ ಮರೀನ್ ಡ್ರೈವ್‌ನಲ್ಲಿ ಕಾರು ನಿಲ್ಲಿಸಿ ಬಂದರೆ ಅವತ್ತೇ ಸಿಹಿನೀರಿನಲ್ಲಿ ಅಡಿ ತೊಳೆಯಿರಿ.

ಜುಲೈ ಮಳೆಯಲ್ಲಿ ಹಿಂದ್‌ಮಾತಾ ಹತ್ತಿರ ನೀರಿನ ಮಧ್ಯೆ ಕಾರು ನಿಂತುಹೋಯಿತು. ಎರಡು ಮೂರು ಸಲ ಸೆಲ್ಫ್ ಹೊಡೆದೆ. ಈಗ ಎಂಜಿನ್ ಬಿಚ್ಚಬೇಕು ಅಂತಾರೆ. ಇನ್ಶೂರೆನ್ಸ್ ಸಿಗಲ್ವಾ?
— ಓದುಗರೊಬ್ಬರು, ವಡಾಲಾ

ಆ ಎರಡು ಮೂರು ಸಲ ಸೆಲ್ಫ್ ಹೊಡೆದದ್ದೇ ಪೆಟ್ಟು ಕೊಟ್ಟಿರಬೇಕು. ಪಿಸ್ಟನ್ ಮೇಲೆ ಬಂದಾಗ ಗಾಳಿ, ಪೆಟ್ರೋಲ್ ಕುಗ್ಗಿ ಸಣ್ಣ ಜಾಗದಲ್ಲಿ ಸೇರುತ್ತವೆ. ನೀರು ಹಾಗೆ ಕುಗ್ಗುವುದಿಲ್ಲ. ಸಿಲಿಂಡರ್‌ನಲ್ಲಿ ನೀರಿದ್ದರೆ ಪಿಸ್ಟನ್ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ, ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಗಾಳಿ ಎಳೆಯುವ ಪೈಪಿನ ಬಾಯಿ ತುಂಬಾ ಕಾರುಗಳಲ್ಲಿ ಮುಂದಿನ ಗ್ರಿಲ್ ಹಿಂದೆ, ಹೆಡ್‌ಲೈಟ್ ಪಕ್ಕದಲ್ಲೇ ಇರುತ್ತದೆ. ಎದುರಿಂದ ಬಸ್ ಒಂದು ಅಲೆ ಎಬ್ಬಿಸಿದರೆ ಸಾಕು.

ಮಾಮೂಲಿ ಫುಲ್ ಇನ್ಶೂರೆನ್ಸ್‌ನಲ್ಲಿ ಹೀಗೆ ನೀರು ಎಳೆದು ಕೆಟ್ಟ ಎಂಜಿನ್‌ಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ದುಡ್ಡು ಕೊಟ್ಟು ಸೇರಿಸುವ ಆಡ್-ಆನ್ ಇರುತ್ತದೆ, ನಿಮ್ಮ ಪಾಲಿಸಿಯಲ್ಲಿ ಅದಿದೆಯಾ ನೋಡಿ. ಇದ್ದರೆ ಎಂಜಿನ್ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ನಷ್ಟ ನೋಡುವ ಸರ್ವೇಯರ್ ಬರುವವರೆಗೆ ಕಾಯಿರಿ. ನಡೆದದ್ದನ್ನು ನಡೆದ ಹಾಗೆಯೇ ಹೇಳಿ.

ಉಳಿದವರೂ ಕೇಳಿಸಿಕೊಳ್ಳಿ. ನೀರು ಅರ್ಧ ಚಕ್ರಕ್ಕಿಂತ ಮೇಲಿದ್ದರೆ ಕಾರನ್ನು ನೀರಿಗೆ ಇಳಿಸಲೇಬೇಡಿ. ಕಾರು ನೀರಿನಲ್ಲಿ ನಿಂತರೆ ಕೀ ಮುಟ್ಟಬೇಡಿ, ನಾಲ್ಕು ಜನರನ್ನು ಕರೆದು ಒಣ ಜಾಗಕ್ಕೆ ತಳ್ಳಿ, ಟೋ ಮಾಡಿಸಿ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದರೆ ಒಳಗಿನ ನೀರು ಆ ದಾರಿಯಲ್ಲೇ ಹೊರಗೆ ಬರುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಆಯಿಲ್‌ಗೂ ನೀರು ಸೇರಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆ ದಿನವನ್ನು ನೋಡಿದವರು ಕಾರು ಬಿಟ್ಟು ನಡೆದು ಹೋಗಲು ಈಗಲೂ ಹಿಂಜರಿಯುವುದಿಲ್ಲ.

ವಯಸ್ಸು 23, ಮೊದಲ ಕಾರು. 2019ರ ಸ್ವಿಫ್ಟ್ ವಿಎಕ್ಸ್‌ಐ. 17 ಇಂಚಿನ ಅಲಾಯ್ ಚಕ್ರ, ಜೋರು ಸದ್ದಿನ ಸೈಲೆನ್ಸರ್, ಕಪ್ಪು ಫಿಲ್ಮ್ ಹಾಕಿಸುವ ಆಸೆ. ಅಪ್ಪ ಯಾವುದೂ ಬೇಡ ಅಂತಾರೆ.
— ಓದುಗ, ಠಾಣೆ

ಸೈಲೆನ್ಸರ್ ವಿಷಯದಲ್ಲಿ, ಫಿಲ್ಮ್ ವಿಷಯದಲ್ಲಿ ಅಪ್ಪ ಹೇಳಿದ್ದೇ ಸರಿ. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಗಾಜಿನಲ್ಲಿ ಮುಂದೆ, ಹಿಂದೆ ಕನಿಷ್ಠ 70%, ಬದಿಗಳಲ್ಲಿ 50% ಬೆಳಕು ಹಾಯಬೇಕು. ಕಪ್ಪು ಫಿಲ್ಮ್ ಅದರಲ್ಲಿ ಪಾಸಾಗುವುದಿಲ್ಲ.

ಅಲಾಯ್ ವಿಷಯಕ್ಕೆ ಬರೋಣ, ನನಗೂ ಇಷ್ಟದ ವಿಷಯ. ನಿಮ್ಮ ಟೈರ್ 165/80 ಆರ್14. ಅಗಲ 165 ಮಿಲಿಮೀಟರ್, ಅದರ 80% ಅಂದರೆ 132, ಇದು ರಿಮ್‌ನಿಂದ ರಸ್ತೆಗೆ ಇರುವ ರಬ್ಬರ್ ಎತ್ತರ. ಕೊನೆಯ 14 ರಿಮ್‌ನ ಅಳತೆ, ಇಂಚಿನಲ್ಲಿ. ಮೇಲೆ ಕೆಳಗೆ ರಬ್ಬರ್ ಸೇರಿ ಚಕ್ರದ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ನಿಮ್ಮದೇ ಕಾರಿನ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಬರುವುದು 185/65 ಆರ್15, ಅದು ಸುಮಾರು 621. ಒಂದೇ ಎತ್ತರ, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. 205/45 ಆರ್17 ಹಾಕಿದರೂ ಒಟ್ಟು ಎತ್ತರ 616ರ ಹತ್ತಿರವೇ ಬರುತ್ತದೆ, ಆದರೆ ರಬ್ಬರ್ ಉಳಿಯುವುದು ಬರೀ 92 ಮಿಲಿಮೀಟರ್. ಅದನ್ನು ತೆಗೆದುಕೊಂಡು ಮಳೆ ಮುಗಿದ ಮೇಲಿನ ಘೋಡ್‌ಬಂದರ್ ರೋಡಿನ ಗುಂಡಿಗಳಲ್ಲಿ ಓಡಿಸಬೇಕು, ಯೋಚನೆ ಮಾಡಿ. ರಿಮ್ ಬಗ್ಗುತ್ತದೆ, ಟೈರಿನ ಬದಿ ಬಲೂನಿನ ಹಾಗೆ ಉಬ್ಬುತ್ತದೆ.

15 ಇಂಚಿನ ಅಲಾಯ್ ಹಾಕಿಸಿ, ಚೆಂದ ಕಾಣುತ್ತದೆ. ಬೋಲ್ಟ್ ಕೂತರೆ ಸಾಲದು, ನಡುವಿನ ತೂತು ಕಾರಿನ ಕಡೆಯ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಸ್ಟಾಕ್ ತಗೋಬೇಡಿ. ದುಡ್ಡು ಉಳಿದರೆ ಬಾಗಿಲುಗಳ ಒಳಗೆ ತಗಡಿನ ನಡುಕ, ಸದ್ದು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳ್ಳೆಯ ಸ್ಪೀಕರ್ ಹಾಕಿಸಿ. ವೈರ್ ಕತ್ತರಿಸದೆ ಅದರ ತುದಿಯ ಪ್ಲಗ್‌ನಲ್ಲೇ (ಕಪ್ಲರ್) ಜೋಡಿಸುವವರನ್ನು ಹುಡುಕಿ. ಈ ಲೆಕ್ಕ ಅಪ್ಪನಿಗೂ ತೋರಿಸಿ, ಒಪ್ಪಬಹುದು.

ಊರಿಂದ ಅಣ್ಣನ ಕೆಎ-20 ಕಾರು ತಂದು ಇಲ್ಲೇ ಓಡಿಸುತ್ತಿದ್ದೇನೆ. ಎಷ್ಟು ದಿನ ಓಡಿಸಬಹುದು?
— ಓದುಗರೊಬ್ಬರು, ಪನ್ವೇಲ್

12 ತಿಂಗಳು ದಾಟಿದರೆ ಇಲ್ಲಿನ ನಂಬರ್ ತಗೋಬೇಕು. ಉಡುಪಿ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತನ್ನಿ, ಸಾಲ ಇದ್ದರೆ ಬ್ಯಾಂಕಿನದೂ ಬೇಕು. ಇಲ್ಲಿ ಟ್ಯಾಕ್ಸ್ ಕಟ್ಟಿದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರ ಉಳಿಕೆ ವಾಪಸ್ ಕೇಳಿ ಅರ್ಜಿ ಹಾಕಿ. ಬಿಟ್ಟುಬಿಡಬೇಡಿ, ಅದು ನಿಮ್ಮ ದುಡ್ಡು.

ದೀಪಾವಳಿಗೆ ಕುಂದಾಪುರಕ್ಕೆ ರಾತ್ರಿ ಹೊರಡುತ್ತೇವೆ. ಹೆಡ್‌ಲೈಟ್ ಮಂಕು. ಎಲ್‌ಇಡಿ ಬಲ್ಬ್ ಹಾಕಿಸಲೇ?
— ಓದುಗರೊಬ್ಬರು, ಡೊಂಬಿವಲಿ

ಮೊದಲು ಗಾಜು ನೋಡಿ ಮಾರಾಯ್ರೆ. ಅದು ಗಾಜೂ ಅಲ್ಲ, ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗಿರುತ್ತದೆ. ಸುತ್ತ ಟೇಪ್ ಹಚ್ಚಿ, 1000 ನಂಬರಿನ, ಆಮೇಲೆ 2000 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಸೋಪಿನ ನೀರು ಹಾಕುತ್ತಾ ನಿಧಾನ ಉಜ್ಜಿ. ಮೊದಲು ಹಳದಿ ಹಾಲಿನಂಥ ನೀರು ಇಳಿಯುತ್ತದೆ, ಅದು ಬಿಳಿಯಾಗುವವರೆಗೆ ಬಿಡಬೇಡಿ. ಕೊನೆಗೆ ಪಾಲಿಶ್, ಅದರ ಮೇಲೆ ಬಿಸಿಲು ತಡೆಯುವ ಯುವಿ ಕೋಟ್. ಆ ಕೋಟ್ ಬಿಟ್ಟರೆ ಬೇಗ ಮತ್ತೆ ಹಳದಿಯಾಗುತ್ತದೆ. ಹ್ಯಾಲೊಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಲ್‌ಇಡಿ ಬಲ್ಬ್ ಇಟ್ಟರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 60/55 ವ್ಯಾಟ್‌ನ ಹೊಸ ಒಳ್ಳೆಯ ಹ್ಯಾಲೊಜೆನ್ ಜೋಡಿ ಸಾಕು.

ಇನ್ನೊಂದು. ಸ್ಟೀರಿಂಗ್ ಹತ್ತಿರ ಹೆಡ್‌ಲೈಟ್ ಎತ್ತರ ತಗ್ಗಿಸುವ ಸಣ್ಣ ಚಕ್ರ ಇದೆಯಾ ನೋಡಿ. ಬರುವಾಗ ಡಿಕ್ಕಿ ತುಂಬಾ ತೆಂಗಿನಕಾಯಿ, ಕುಚ್ಚಲಕ್ಕಿ ಇರುತ್ತದೆ, ಹಿಂಭಾಗ ಕೂತು ಲೈಟ್ ಮೇಲಕ್ಕೆ ಹೋಗುತ್ತದೆ. ಆಗ ಎರಡು ಗೆರೆ ತಗ್ಗಿಸಿ ಹೊರಡಿ.