ಮೆಕ್‌ಸೋರ್ಲೀಸ್ ಈಗ ಯಾರ ಕೈಲಿದೆ?

ನ್ಯೂಯಾರ್ಕಿನ ಮೆಕ್‌ಸೋರ್ಲೀಸ್ ಬಾರ್ ಈಗಲೂ ಅದೇ ಮನೆತನದ್ದಾ ಅಂತ ಕೇಳಿದ್ದೀರಿ. ಇಲ್ಲ, ಕೈ ಬದಲಾಗಿ ತುಂಬಾ ವರ್ಷವಾಯ್ತು.

ಶುರು ಮಾಡಿದ್ದು ಐರ್ಲೆಂಡಿನಿಂದ ಬಂದ ಜಾನ್ ಮೆಕ್‌ಸೋರ್ಲಿ. ಬಾರಿನವರು 1854 ಅಂತಾರೆ, ಆ ಇಸವಿ ಬಗ್ಗೆ ತಕರಾರಿದೆ. ಆಮೇಲೆ ಮಗ ಬಿಲ್. ಆತ 1936ರಲ್ಲಿ ಡೇನಿಯಲ್ ಓಕಾನೆಲ್ ಎಂಬ ಪೊಲೀಸಿನವರಿಗೆ ಮಾರಿದರು. ಮೂರೇ ವರ್ಷಕ್ಕೆ ಅವರು ತೀರಿಕೊಂಡು, ಬಾರ್ ಮಗಳು ಡೊರೊಥಿ ಕಿರ್ವನ್ ಪಾಲಿಗೆ ಬಂತು.

ಮಜಾ ಇರುವುದು ಇಲ್ಲೇ. ಆ ಬಾರಿಗೆ ಹೆಂಗಸರನ್ನೇ ಬಿಡುತ್ತಿರಲಿಲ್ಲ! ಆ ಪದ್ಧತಿ ಮುರಿಯಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದ ಡೊರೊಥಿ, ಗಂಡನಿಗೆ ಉಸ್ತುವಾರಿ ಕೊಟ್ಟು ತಾನು ದೂರವೇ ಉಳಿದರು. 1970ರಲ್ಲಿ ಕಾನೂನಿನ ಒತ್ತಡಕ್ಕೆ ಹೆಂಗಸರಿಗೆ ಬಾಗಿಲು ತೆರೆಯಿತು. ಮೊದಲ ಗಿರಾಕಿ ನೀವೇ ಆಗಿ ಅಂದರೆ ಡೊರೊಥಿ ಒಪ್ಪಲಿಲ್ಲವಂತೆ. ಹಟ ಅಂದ್ರೆ ಹಟ, ಅಲ್ವಾ?

1977ರಲ್ಲಿ ಕೊಂಡವರು ಮ್ಯಾಥ್ಯೂ ಮಾಹರ್, ಅಲ್ಲೇ ಕೆಲಸಕ್ಕಿದ್ದವರು. 1994ರಲ್ಲಿ ಅವರ ಮಗಳು ತೆರೇಸಾ ಕೌಂಟರ್ ಹಿಂದೆ ನಿಂತರು, ಆ ಜಾಗದಲ್ಲಿ ನಿಂತ ಮೊದಲ ಹೆಂಗಸು. ಮ್ಯಾಥ್ಯೂ 2020ರಲ್ಲಿ ತೀರಿಕೊಂಡರು, ಬಾರ್ ಅವರ ಕುಟುಂಬದಲ್ಲೇ ಇದೆ.

ಹೋದರೆ ಬಿಯರ್ ಮೆನು ಹುಡುಕಬೇಡಿ. ಲೈಟಾ, ಡಾರ್ಕಾ ಅಂತ ಅಷ್ಟೇ ಕೇಳುತ್ತಾರೆ. ಒಂದು ಹೇಳಿದರೂ ಎರಡು ಮಗ್ ಬರುತ್ತೆ.